ನಡುಗಡಲಲ್ಲಿ ದೀಪ ಮಂಕಾದಾಗ

ಮಲ್ಪೆಯ ಮೀನುದೋಣಿಯೊಂದು ನಡುಗಡಲಲ್ಲಿ ಲಂಗರು ಹಾಕಿದೆಯೆನ್ನಿ. ಎಂಜಿನ್ನು ನಿಂತು ಗಂಟೆಯಾಗುವಷ್ಟರಲ್ಲಿ ದೀಪಗಳು ಮಂಕಾದವು, ವೈರ್‌ಲೆಸ್ ಮೂಕವಾಯಿತು. ಕತ್ತಲಲ್ಲಿ ಬರುವ ಹಡಗಿಗೆ ಈ ದೋಣಿ ಕಾಣುವುದೆಂತು?

ಬ್ಯಾಟರಿ ಸತ್ತಿತೆಂದು ಹಳಿಯುವ ಮುನ್ನ ತಂತಿ ಕಚ್ಚಿದ ತುದಿಗಳನ್ನು ನೋಡಬೇಕು. ಉಪ್ಪುಗಾಳಿಗೆ ಅಲ್ಲಿ ಕಿಲುಬು ಕಟ್ಟುತ್ತದೆ. ಉಜ್ಜಿ ಬಿಗಿದರೆ ಎಷ್ಟೋ ವೇಳೆ ದೀಪ ಬೆಳಗುವುದುಂಟು.

ಬೆಳಗದಿದ್ದರೆ, ದಡ ಸೇರಿದ ಮೇಲೆ ಪೂರ್ಣ ಚಾರ್ಜು ಮಾಡಿಸಿ (ಆಗ ಹತ್ತಿರ ಬೀಡಿ ಹಚ್ಚಕೂಡದು, ಹೊಮ್ಮುವ ಜಲಜನಕ ಸಿಡಿದೀತು!) ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆಯಿರಿ. 12 ವೋಲ್ಟಿನ ಸೀಸದ ಬ್ಯಾಟರಿ 12.7ರ ಸುಮಾರಿಗಿದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಬರಿದು. ಆರು ಕೋಶಗಳ ಆಮ್ಲವನ್ನು ಹೈಡ್ರೋಮೀಟರಿನಿಂದ ಪರೀಕ್ಷಿಸಿದಾಗ ಐದು 1.26 ತೋರಿಸಿ ಒಂದು ಮಾತ್ರ 1.15ರಲ್ಲೇ ನಿಂತರೆ, ರೋಗ ಅಲ್ಲಿದೆ. ಅಂಥ ಬ್ಯಾಟರಿಯನ್ನು ಕೂಡಲೇ ಬಿಚ್ಚಿಡಬೇಕು. ಇಲ್ಲವಾದರೆ ಜೊತೆಗೆ ಕಟ್ಟಿದ ಒಳ್ಳೆಯ ಬ್ಯಾಟರಿಯನ್ನೂ ಅದು ರಾತ್ರಿಯಿಡೀ ಹೀರಿಬಿಡುತ್ತದೆ.