ರಕ್ತ ಹುಟ್ಟುವ ಜಾಗದಲ್ಲೇ ನಾರು ಬೆಳೆದರೆ...

ಸುಸ್ತು, ಬಿಳಿಚಿದ ಮುಖ, ಎಡಪಕ್ಕೆಯ ಅಡಿ ಭಾರ, ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದ ಹಾಗೆ. ನಮ್ಮ ಅತ್ತಿಗೆಗೆ ಇದ್ದದ್ದು ಇಷ್ಟೇ. ನಮ್ಮ ಬಸವಾಪಟ್ಟಣದಂಥ ಊರಿನಲ್ಲಿ ಹೆಂಗಸರ ಸುಸ್ತನ್ನು ಯಾರು ಕಾಯಿಲೆ ಅಂತಾರೆ ಹೇಳಿ? "ರಕ್ತ ಕಮ್ಮಿ" ಅಂತ ವರ್ಷವೆಲ್ಲ ಟಾನಿಕ್ಕು, ನುಗ್ಗೆಸೊಪ್ಪು ಆಯ್ತು. ನಾನೇ ಖರ್ಜೂರ ಒಯ್ದು ಕೊಟ್ಟಿದ್ದೆ! ಕೊನೆಗೆ ದಾವಣಗೆರೆಯಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಎಳೆದರೆ ಮಜ್ಜೆ ಒಂದು ತೊಟ್ಟೂ ಬರಲಿಲ್ಲ. ಮೂಳೆಯ ಚೂರನ್ನೇ ತೆಗೆದು ಪರೀಕ್ಷಿಸಿದ ಮೇಲೆ ಹೆಸರು ತಿಳಿಯಿತು: ಮಯಲೋಫೈಬ್ರೋಸಿಸ್, ಅಂದರೆ ಮೂಳೆಯ ಮಜ್ಜೆ ನಾರುಗಟ್ಟುವುದು. ರಕ್ತದ ಕ್ಯಾನ್ಸರಿನ ಜಾತಿಗೇ ಸೇರಿದ್ದು.

ರಕ್ತ ಹುಟ್ಟುವುದು ಮೂಳೆಯೊಳಗಿನ ಮೆತ್ತನೆಯ ಮಜ್ಜೆಯಲ್ಲಿ. ಅಲ್ಲಿನ ಮೂಲಕಣವೊಂದು ದಾರಿತಪ್ಪಿ ತನ್ನಂಥವನ್ನೇ ಹುಟ್ಟಿಸುತ್ತ, ಸುತ್ತಲಿನ ಕಣಗಳನ್ನು ನಾರು ನೇಯುವಂತೆ ಕೆಣಕುತ್ತದೆ. ಪಾಳುಬಿಟ್ಟ ತೋಟದಲ್ಲಿ ಗರಿಕೆ ಬೇರು ಹೆಣೆದುಕೊಳ್ಳುವುದಿಲ್ಲವೇ, ಹಾಗೆ. ಆಗ ರಕ್ತದ ಮೂಲಕಣಗಳು ಜಾಗ ಸಾಲದೆ ಗುಲ್ಮದಲ್ಲಿ ಬಿಡಾರ ಹೂಡುತ್ತವೆ, ಗುಲ್ಮ ಊದುತ್ತದೆ. ಎಡಪಕ್ಕೆಯ ಭಾರ ಅದೇ. ಒಲೆಯೇ ಕುಸಿದ ಮೇಲೆ ಅಕ್ಕಿ ಎಷ್ಟಿದ್ದರೇನು?

ಮನೆಯಲ್ಲಿ ಶುರುವಾದದ್ದು ಬೇರೆಯೇ ರಗಳೆ. ಉಪವಾಸ ಮಾಡಿ ಮಾಡಿ ತಂದುಕೊಂಡಳು ಅಂದರು ಒಬ್ಬರು. ಅತ್ತಿಗೆಯ ಮಗಳನ್ನು ನೋಡಿಹೋಗಿದ್ದ ಗಂಡಿನ ಕಡೆಯವರು "ಇದು ವಂಶದಲ್ಲಿ ಬರೋದಾ?" ಅಂತ ಕೇಳಿ ಕಳಿಸಿದರು.

ನಾವು ಡಾಕ್ಟರನ್ನೇ ಕೇಳಿದೆವು. ಉಪವಾಸಕ್ಕೂ ಇದಕ್ಕೂ ಸಂಬಂಧವಿಲ್ಲ. 2005ರಲ್ಲಿ ಜ್ಯಾಕ್-2 ಎಂಬ ಜೀನಿನ ತಪ್ಪೊಂದನ್ನು ವಿಜ್ಞಾನಿಗಳು ಗುರುತಿಸಿದರು; ಈ ರೋಗಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಮಂದಿಗೆ ಅದಿರುತ್ತದೆ. 2013ರಲ್ಲಿ ಇನ್ನೊಂದು ಜೀನಿನ ತಪ್ಪು ಸಿಕ್ಕಿತು. ಜೀನು ಅಂದಕೂಡಲೇ ಹೆದರಬೇಡಿ. ಈ ತಪ್ಪು ಆಗುವುದು ಆ ವ್ಯಕ್ತಿಯ ರಕ್ತದ ಮೂಲಕಣದಲ್ಲಿ. ತಾಯಿಯಿಂದ ಮಗಳಿಗೆ ಬಳುವಳಿಯಾಗಿ ಬರುವಂಥದಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಬರುವುದು ಬಹಳ ಅಪರೂಪ. ಬೆಂಜೀನ್ ಎಂಬ ರಾಸಾಯನಿಕ, ವಿಕಿರಣ ಕೆಲವರಲ್ಲಿ ಕಾರಣವಾಗುತ್ತವೆ. ಹೆಚ್ಚಿನವರಲ್ಲಿ ಇಂಥದ್ದೇ ಅಂತ ಬೆರಳು ತೋರಿಸಲಾಗುವುದಿಲ್ಲ.

ಇನ್ನೊಂದು ಮಾತು. ಮಜ್ಜೆಯಲ್ಲಿ ನಾರು ಕಂಡಿತೆಂದರೆ ಇದೇ ಕ್ಯಾನ್ಸರ್ ಆಗಿರಬೇಕೆಂದೇನೂ ಇಲ್ಲ. ಕ್ಷಯ, ಲೂಪಸ್, ಡಿ ಜೀವಸತ್ವದ ತೀವ್ರ ಕೊರತೆ ಇವುಗಳಿಂದಲೂ ಆದೀತು. ಮೂಲ ಕಾಯಿಲೆ ವಾಸಿಯಾದರೆ ನಾರೂ ಇಳಿಯಬಹುದು. ಆದ್ದರಿಂದ ಟಾನಿಕ್ಕಿಗೆ ಬಗ್ಗದ ಸುಸ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ, ಎಡಪಕ್ಕೆಯ ಭಾರವನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಅತ್ತಿಗೆಗೆ ಈಗ ಗುಲ್ಮ ಇಳಿಸುವ ಮಾತ್ರೆ ನಡೆದಿದೆ. ಪೂರ್ತಿ ವಾಸಿ ಮಾಡಬಲ್ಲದ್ದು ಮಜ್ಜೆ ಬದಲಾಯಿಸುವ ಚಿಕಿತ್ಸೆಯೊಂದೇ. ಅದನ್ನು ಎಲ್ಲರ ದೇಹ ತಡೆಯುವುದಿಲ್ಲವಂತೆ. ಅಣ್ಣ ಗಂಡಿನ ಮನೆಗೆ ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿಬಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.