ಹಳೆ ಪಿಕಪ್ಪಿನ ಬೆಲ್ಟು ಹಿಡಿಯುತ್ತದೆಯೇ?

ಅದು ಕಳೆದ ರಾಜ್ಯೋತ್ಸವದ ತಯಾರಿಯ ವಾರ. ಕುಂದಾಪುರ ಕಡೆಯ ಅಣ್ಣನೊಬ್ಬರು ಪ್ರತಿ ವರ್ಷ ತಮ್ಮ ಹಳೆ ಪಿಕಪ್ಪಿನಲ್ಲಿ ನಮ್ಮ ಸಂಘದ ವೇದಿಕೆಯ ಸಾಮಾನು, ಸೌಂಡ್ ಬಾಕ್ಸು, ಊಟದ ಪಾತ್ರೆಗಳನ್ನು ತಂದಿಳಿಸುತ್ತಾರೆ. ಆ ವಾರ ಅವರು ನಮಗೆ ಸಿಕ್ಕಿದ್ದು ಸಭಾಂಗಣದಲ್ಲಲ್ಲ, ನಾವು ಕೆಲಸ ಮಾಡುವ ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ. ಒಂದು ಕೈಯಲ್ಲಿ ಎದೆ ಒತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಚೀಟಿ ಕೊಟ್ಟರು. ಮುಂದಿದ್ದ ಟ್ರೈಲರ್ ಥಟ್ಟನೆ ನಿಂತಿತ್ತು. ಇವರ ಗಾಡಿ ಅದಕ್ಕೆ ಗುದ್ದಿತ್ತು. ಎದೆ ಸ್ಟೇರಿಂಗಿಗೆ ಬಡಿದು ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು.

“ಬೆಲ್ಟ್ ಹಾಕಿರಲಿಲ್ವಾ ಅಣ್ಣಾ?” ಎಂದು ಕೇಳಿದೆವು.

“ಹಾಕಿದ್ದೆ ಮಾರಾಯ್ರೆ. ಅದು ಹಿಡೀಲೇ ಇಲ್ಲ.”

ಆ ಮಾತು ನಮ್ಮ ತಲೆಯಲ್ಲೇ ಉಳಿಯಿತು. ಮುಂದಿನ ರಜೆಯ ದಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಗೆಳೆಯನನ್ನು ಕರೆದುಕೊಂಡು ಹೋಗಿ ಆ ಗಾಡಿ ನೋಡಿದೆವು. ಇಪ್ಪತ್ತು ವರ್ಷ ಹಳೆಯ ಪಿಕಪ್. ಬೆಲ್ಟು ಎಳೆದರೆ ಬರುತ್ತಿತ್ತು, ಬಿಟ್ಟರೆ ವಾಪಸ್ ಒಳಗೆ ಹೋಗುತ್ತಿರಲಿಲ್ಲ. ಭುಜದ ಮೇಲ್ಗಡೆ ಬೆಲ್ಟು ಹಾದುಬರುವ ಬಳೆಯಲ್ಲಿ ವರ್ಷಗಟ್ಟಲೆಯ ಬೆವರು, ಮರಳು ಸೇರಿ ಜಿಡ್ಡುಗಟ್ಟಿತ್ತು. ಕುತ್ತಿಗೆಗೆ ಉಜ್ಜುತ್ತದೆ ಎಂದು ಅಣ್ಣ ಬೇರೆ ಅಲ್ಲಿಗೊಂದು ಬಟ್ಟೆ ಕ್ಲಿಪ್ ಸಿಕ್ಕಿಸಿದ್ದರು. ಹಾಗಾಗಿ ಬೆಲ್ಟು ಎದೆಯಿಂದ ಒಂದು ಗೇಣು ದೂರ ಜೋತುಬಿದ್ದಿತ್ತು. ಅದು ಬಿಗಿಯಾಗುವ ಮೊದಲೇ ಎದೆ ಸ್ಟೇರಿಂಗನ್ನು ಮುಟ್ಟಿತ್ತು. ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಒರೆಸಿದ್ದರೆ ಮುಗಿಯುತ್ತಿದ್ದ ಕೆಲಸ.

ಆರು ವಾರ ಅವರು ಭಾರ ಎತ್ತುವಂತಿರಲಿಲ್ಲ. ದಿನದ ದುಡಿಮೆಯ ಮನುಷ್ಯ. ಊರಿಗೆ ಹಣ ಹೋಗಲಿಲ್ಲ, ಮಗಳ ಕಾಲೇಜು ಫೀಸು ತಡವಾಯಿತು. ಸಂಘದವರು ಕೈಲಾದಷ್ಟು ಸೇರಿಸಿ ಕೊಟ್ಟೆವು. ನಮ್ಮಲ್ಲಿ ಬಹಳ ಜನ ಇಂಥ ಹಳೆ ಗಾಡಿಗಳಲ್ಲೇ ತರಕಾರಿ, ಎ.ಸಿ. ಸಾಮಾನು, ಪ್ಲಂಬಿಂಗ್ ಪೈಪು ಸಾಗಿಸುವವರು. ಅದಕ್ಕೇ ಈ ಬರಹ.

ಔಷಧಿ ಕೊಡುವ ಮುಂಚೆ ನಾವು ಸ್ಟ್ರಿಪ್ಪಿನ ತಾರೀಕು ನೋಡುತ್ತೇವೆ, ಸೀಲು ನೋಡುತ್ತೇವೆ. ಬೆಲ್ಟು ಕೂಡ ಒಂದು ಔಷಧಿಯೇ. ಆದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಅಪಘಾತದ ಕ್ಷಣದಲ್ಲಿ. ಆಗ ಗೊತ್ತಾಗಿ ಪ್ರಯೋಜನವಿಲ್ಲ.

ಇವತ್ತು ನಾವು ಹಾಕುವ, ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಬೇರೆ ಕಂಪನಿಗಳೂ ಬಳಸಲಿ ಎಂದು ವೋಲ್ವೋ ಆ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಮಹಡಿಯ ಮೇಲಿಂದ ಬಿದ್ದಷ್ಟೇ ಪೆಟ್ಟು. ಸೀಟ್ ಬೆಲ್ಟು ಸಾವಿನ ಅಪಾಯವನ್ನು ಅರ್ಧದಷ್ಟು ತಗ್ಗಿಸಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯು.ಎ.ಇ.ಯಲ್ಲಿ 2017ರ ಜುಲೈ 1ರಿಂದ ಮುಂದೆ ಕೂತವರಷ್ಟೇ ಅಲ್ಲ, ಗಾಡಿಯಲ್ಲಿರುವ ಎಲ್ಲರಿಗೂ ಬೆಲ್ಟು ಕಡ್ಡಾಯವಾಯಿತು. ತಪ್ಪಿದರೆ 400 ದಿರ್ಹಂ ದಂಡ, 4 ಬ್ಲ್ಯಾಕ್ ಪಾಯಿಂಟ್ ಎಂದು ನಿಗದಿಯಾಯಿತು. ದಂಡಕ್ಕೆ ಹೆದರಿ ಭುಜದ ಮೇಲೆ ಬರಿದೇ ಇಳಿಬಿಟ್ಟ ಬೆಲ್ಟು ಪೊಲೀಸರಿಗೆ ಕಾಣಬಹುದು, ಎದೆಯನ್ನು ಕಾಯುವುದಿಲ್ಲ.

ಗೆಳೆಯ ನಮಗೆ ಕಲಿಸಿಕೊಟ್ಟ ತಪಾಸಣೆ ಇಷ್ಟೇ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಮಾಡಿ.

ಒಂದು: ಬೆಲ್ಟನ್ನು ಕೊನೆಯವರೆಗೂ ಹೊರಗೆಳೆದು ಎರಡೂ ಬದಿ ನೋಡಿ. ಅಂಚಿನಲ್ಲಿ ನೂಲು ಎದ್ದಿದೆಯೇ, ಬಾಗಿಲಿಗೆ ಸಿಕ್ಕಿ ಕತ್ತರಿಸಿದೆಯೇ, ಸಿಗರೇಟಿನ ಸುಟ್ಟ ಗುರುತಿದೆಯೇ, ಬಿಸಿಲಿಗೆ ಬಣ್ಣ ಹೋಗಿ ಒರಟಾಗಿದೆಯೇ? ಇದ್ದರೆ ಬದಲಾಯಿಸಬೇಕು. ಟೈಲರ್ ಹತ್ತಿರ ಹೊಲಿಸಿದರೆ ಆಗದು.

ಎರಡು: ಬೆಲ್ಟನ್ನು ಜೋರಾಗಿ ಜಗ್ಗಿ. ತಟಕ್ಕನೆ ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ಗ್ಯಾರೇಜಿಗೆ ತೋರಿಸಿ. ರಸ್ತೆಯಲ್ಲಿ ಬ್ರೇಕ್ ಹಾಕಿ ಪರೀಕ್ಷೆ ಮಾಡಲು ಹೋಗಬೇಡಿ.

ಮೂರು: ಬಿಟ್ಟಾಗ ಅದು ತಾನಾಗಿ ಸುತ್ತಿಕೊಂಡು ಒಳಗೆ ಹೋಗಬೇಕು. ನಿಧಾನವಾದರೆ ಮೊದಲು ಭುಜದ ಬಳೆಯನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಬೆಲ್ಟನ್ನು ಉಗುರುಬೆಚ್ಚಗಿನ ನೀರು, ಮೆದು ಸೋಪಿನಿಂದ ತೊಳೆದು, ಹೊರಗೆಳೆದಿಟ್ಟೇ ನೆರಳಿನಲ್ಲಿ ಪೂರ್ತಿ ಒಣಗಿಸಿ. ಬ್ಲೀಚು, ಪೆಟ್ರೋಲು, ಥಿನ್ನರ್ ಯಾವುದೂ ಬೇಡ. ಅವು ನೂಲನ್ನು ಹಾಳುಮಾಡುತ್ತವೆ.

ನಾಲ್ಕು: ಬಕಲ್ ಹಾಕಿದಾಗ ಕ್ಲಿಕ್ ಸದ್ದು ಬರಬೇಕು, ಎಳೆದರೆ ಬಿಡಬಾರದು, ಕೆಂಪು ಗುಂಡಿ ಒತ್ತಿದರೆ ಸಲೀಸಾಗಿ ಬಿಡಬೇಕು. ಮರಳು, ಚಿಲ್ಲರೆ ನಾಣ್ಯ ಒಳಗೆ ಬಿದ್ದಿದ್ದರೆ ವ್ಯಾಕ್ಯೂಮಿನಿಂದ ತೆಗೆಯಿರಿ. ಎಣ್ಣೆ ಬಿಡಬೇಡಿ; ಎಣ್ಣೆಗೆ ಮರಳು ಅಂಟಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಐದು: ಬೆಲ್ಟನ್ನು ನೆಲಕ್ಕೆ, ಕಂಬಕ್ಕೆ ಬಿಗಿದ ಬೋಲ್ಟುಗಳನ್ನು ನೋಡಿ. ಮೀನು ಸಾಗಿಸುವ ಗಾಡಿಗಳಲ್ಲಿ ಉಪ್ಪುನೀರಿಗೆ ಅಲ್ಲಿನ ತಗಡೇ ತುಕ್ಕು ಹಿಡಿಯಬಹುದು. ಬುಡ ಅಲ್ಲಾಡಿದರೆ ಬೆಲ್ಟು ಹೊಸದಿದ್ದೂ ಪ್ರಯೋಜನವಿಲ್ಲ.

ಮಧ್ಯದ ಸೀಟಿನಲ್ಲಿ ಸೊಂಟದ ಬೆಲ್ಟು ಮಾತ್ರ ಇದ್ದರೆ ಅದು ಹೊಟ್ಟೆಯ ಮೇಲಲ್ಲ, ಕೆಳಗೆ ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂರಬೇಕು. ಅದನ್ನು ಸೀಟಿನ ಅಡಿಗೆ ತುರುಕಿಟ್ಟಿದ್ದರೆ ಇವತ್ತೇ ಹೊರಗೆ ತೆಗೆಯಿರಿ.

ದೊಡ್ಡ ಅಪಘಾತದಲ್ಲಿ ಒಮ್ಮೆ ಜಗ್ಗಿಸಿಕೊಂಡ ಬೆಲ್ಟು ಹಿಗ್ಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಬದಲಾಯಿಸಲೇಬೇಕು. ಅಗ್ಗಕ್ಕೆ ಸಿಗುತ್ತದೆಂದು ಸ್ಕ್ರ್ಯಾಪಿನ ಬೆಲ್ಟು ತರಬೇಡಿ. ಅದು ಯಾವ ಅಪಘಾತದ ಗಾಡಿಯಿಂದ ಬಂದದ್ದೋ ಯಾರಿಗೆ ಗೊತ್ತು? ಯಾರೋ ಅರ್ಧ ಬಳಸಿಟ್ಟ ಔಷಧಿ ಬಾಟಲಿಯನ್ನು ನಾವು ಕೌಂಟರಿನಲ್ಲಿ ವಾಪಸ್ ತೆಗೆದುಕೊಳ್ಳುವುದಿಲ್ಲ; ಇದೂ ಹಾಗೆಯೇ. ರೀಲನ್ನು ನೀವೇ ಬಿಚ್ಚಲೂ ಹೋಗಬೇಡಿ. ಒಳಗೆ ಬಿಗಿಯಾದ ಸ್ಪ್ರಿಂಗ್ ಇರುತ್ತದೆ, ಕೆಲವು ಗಾಡಿಗಳಲ್ಲಿ ಸಿಡಿಯುವ ಮದ್ದೂ ಇರುತ್ತದೆ.

“ಗಾಡಿ ಕಂಪನಿಯದು, ನಾವೇನು ಮಾಡುವುದು?” ಎಂದು ಹಲವರು ಕೇಳುತ್ತಾರೆ. ನಿಜ, ಗಾಡಿ ಕಂಪನಿಯದು. ಎದೆ ಮಾತ್ರ ನಮ್ಮದು. ಕೆಟ್ಟ ಬೆಲ್ಟಿನ ಫೋಟೋ ತೆಗೆದು ಸೂಪರ್‌ವೈಸರಿಗೆ ವಾಟ್ಸಾಪ್ ಮಾಡಿ, ಗಾಡಿ ನಂಬರ್, ತಾರೀಕು ಬರೆಯಿರಿ. ಜಗಳ ಬೇಡ, ಬರವಣಿಗೆಯಲ್ಲಿ ಇರಲಿ. ಮುಲ್ಕಿಯಾ ನವೀಕರಣಕ್ಕೆ ಪಾಸಿಂಗ್ ಹೋಗುವಾಗಲಾದರೂ ಸರಿಮಾಡಿಸಿ ಎಂದು ನೆನಪಿಸಿ. ಆದರೆ ಪಾಸಿಂಗ್ ವರ್ಷಕ್ಕೊಮ್ಮೆ, ನಾವು ಗಾಡಿ ಹತ್ತುವುದು ದಿನಾಲೂ.

ಕುಂದಾಪುರದ ಅಣ್ಣ ಈಗ ಗುಣವಾಗಿದ್ದಾರೆ. ಗಾಡಿಗೆ ಹೊಸ ಬೆಲ್ಟು ಬಂದಿದೆ, ಬಟ್ಟೆ ಕ್ಲಿಪ್ಪು ಬಟ್ಟೆ ಒಣಗಿಸುವ ಹಗ್ಗಕ್ಕೇ ವಾಪಸ್ ಹೋಗಿದೆ. ಮೊನ್ನೆ ಸಾಮಾನು ತರಲು ನಾವೂ ಅವರ ಜೊತೆ ಹೊರಟೆವು. ಕೀಲಿ ತಿರುಗಿಸುವ ಮೊದಲು ತಮ್ಮ ಬೆಲ್ಟನ್ನು ಒಮ್ಮೆ ಜಗ್ಗಿ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, “ನಿಮ್ಮದೂ ಒಮ್ಮೆ ಎಳೀರಿ ಕಾಂಬ” ಎಂದರು.

ಎಳೆದೆವು. ತಟಕ್ಕನೆ ಹಿಡಿಯಿತು.