ತಲೆಯೊಳಗಿನ ಮೇಸ್ತ್ರಿ

‘ಪ್ರನಾಳ ತೊಳೆದುಕೊಳ್ಳಿ, ಸತುವಿನ ಚೂರು ಹಾಕಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸುರಿಯಿರಿ, ಗುಳ್ಳೆ ಏಳುವುದನ್ನು ನೋಡಿ, ಉರಿಯುವ ಕಡ್ಡಿಯನ್ನು ಬಾಯಿಗೆ ಹಿಡಿಯಿರಿ, ‘ಪಟ್’ ಎಂಬ ಶಬ್ದ ಬಂತೇ ಕೇಳಿ, ಆಮೇಲೆ ಸಮೀಕರಣ ಬರೆಯಿರಿ.’

ಹತ್ತನೆಯ ತರಗತಿಯ ಮಕ್ಕಳಿಗೆ ಹೈಡ್ರೋಜನ್ ತಯಾರಿಕೆಯನ್ನು ಹೀಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ನನ್ನ ಬಹುಕಾಲದ ಪದ್ಧತಿಯಾಗಿತ್ತು. ಒಬ್ಬ ಹುಡುಗ ಮಾತ್ರ ಪ್ರತಿಸಲವೂ ಆಮ್ಲ ಸುರಿದು ನಿಂತುಬಿಡುತ್ತಿದ್ದ. ‘ಸಾರ್, ಆಮೇಲೆ?’ ನನಗೆ ರೇಗುತ್ತಿತ್ತು. ಸತು ಆಮ್ಲದೊಡನೆ ವರ್ತಿಸುತ್ತದೆ, ತಾಮ್ರ ಏಕೆ ವರ್ತಿಸುವುದಿಲ್ಲ ಎಂದು ಕೇಳಿದರೆ ಮೊದಲು ಕೈಯೆತ್ತುವವನೂ ಅವನೇ! ದಾಖಲೆ ಪುಸ್ತಕ ಒಂದು ದಿನವೂ ಪೂರ್ತಿಯಾಗಿರಲಿಲ್ಲ. ಪ್ರಗತಿ ಪತ್ರದಲ್ಲಿ ನಾನು ಬರೆದೆ: ‘ಬುದ್ಧಿ ಇದೆ, ಜವಾಬ್ದಾರಿ ಇಲ್ಲ.’

ಅವನು ವಿಜ್ಞಾನದಲ್ಲಿ ಪಾಸಾದ, ಎರಡು ವಿಷಯಗಳಲ್ಲಿ ಕುಳಿತ. ಪೂರಕ ಪರೀಕ್ಷೆಗೆ ಅರ್ಜಿ ಸಲ್ಲಿಸುವ ಕೊನೆಯ ದಿನ ಮರೆತ. ‘ಮೇಷ್ಟ್ರೇ ಬರೆದಿದ್ದಾರಲ್ಲ’ ಎಂದು ಅವನ ತಂದೆ ಅವನನ್ನು ಗ್ಯಾರೇಜಿಗೆ ಸೇರಿಸಿದರು. ಆ ನಾಲ್ಕು ಪದಗಳನ್ನು ಬರೆಯಲು ನನಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ಕೆಲವು ವರ್ಷಗಳ ನಂತರ ಸ್ಕೂಟರ್ ಕೆಟ್ಟು ಅದೇ ಗ್ಯಾರೇಜಿಗೆ ಹೋಗಬೇಕಾಯಿತು. ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದು ಅದರ ಮೇಲೆ ಮೊಳೆ ಹೊಡೆದಿತ್ತು. ಯಾವುದು ಜಾಗದಲ್ಲಿಲ್ಲ ಎಂಬುದು ದೂರದಿಂದಲೇ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಕಪ್ಪು ಹಲಗೆ. ಅದರಲ್ಲಿ ಗಾಡಿಯ ನಂಬರು, ಅದರ ಕೆಳಗೆ ಮಾಡಬೇಕಾದ ಕೆಲಸಗಳು, ಮುಗಿದುದಕ್ಕೆ ಅಡ್ಡಗೆರೆ. ಯಾರು ಹೇಳಿಕೊಟ್ಟರೆಂದು ಕೇಳಿದೆ. ‘ಯಾರೂ ಇಲ್ಲ ಸಾರ್. ಒಂದ್ಸಲ ಬ್ರೇಕ್ ಕೇಬಲ್ ಬಿಗಿ ಮಾಡದೆ ಗಾಡಿ ಕಳಿಸಿಬಿಟ್ಟಿದ್ದೆ. ಅವತ್ತಿಂದ ಬರೆದಿಡ್ತೀನಿ.’

ಅವನಿಗೆ ಬೇಕಾಗಿದ್ದುದು ಬೈಗುಳವಲ್ಲ, ಒಂದು ಹಲಗೆ. ಅದು ನನ್ನ ಕೊಠಡಿಯ ಗೋಡೆಯಲ್ಲೇ ಇತ್ತು.

ಮನೆ ಕಟ್ಟುವಲ್ಲಿ ಗಾರೆ ಕಲಸುವವರು, ಇಟ್ಟಿಗೆ ಹೊರುವವರು ಎಷ್ಟೇ ಗಟ್ಟಿಗರಿರಲಿ, ಈಗ ಯಾವುದು, ಮುಂದೆ ಯಾವುದು ಎಂದು ಹೇಳುವ ಮೇಸ್ತ್ರಿ ಬೇಕು. ನಮ್ಮ ತಲೆಯೊಳಗೂ ಅಂಥದೊಂದು ವ್ಯವಸ್ಥೆ ಇದೆ. ಮನಶ್ಶಾಸ್ತ್ರಜ್ಞರು ಅದನ್ನು ‘ಎಕ್ಸಿಕ್ಯುಟಿವ್ ಫಂಕ್ಷನ್’ ಎನ್ನುತ್ತಾರೆ. ಮಾಡುತ್ತಿರುವ ಕೆಲಸಕ್ಕೆ ಬೇಕಾದುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಅತ್ತಿತ್ತ ಸೆಳೆಯುವುದಕ್ಕೆ ತಡೆ ಹಾಕುವುದು, ಸಂದರ್ಭ ಬದಲಾದಾಗ ದಾರಿ ಬದಲಿಸುವುದು ಅದರ ಮುಖ್ಯ ಕೆಲಸಗಳು. ಮಿದುಳಿನಲ್ಲಿ ಹಣೆಯ ಹಿಂದಿರುವ ಭಾಗಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ಈ ಭಾಗ ಮಾಗುವುದು ಬಹಳ ನಿಧಾನ, ಸುಮಾರು 25ರ ವಯಸ್ಸಿನವರೆಗೂ ಮಾಗುತ್ತಲೇ ಇರುತ್ತದೆ. ಅಪ್ಪನ ಎತ್ತರಕ್ಕೆ ಬೆಳೆದ ಮಗನ ಮೇಸ್ತ್ರಿ ಇನ್ನೂ ಎಳೆಯ.

ಮನಸ್ಸು ಒಮ್ಮೆಗೆ ಎಷ್ಟು ಹಿಡಿದೀತು? ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು ಏಳು ಎಂದರು. ನೆಲ್ಸನ್ ಕೋವನ್ 2001ರಲ್ಲಿ ಅದನ್ನು ಮರುಪರಿಶೀಲಿಸಿ, ಒಳಗೊಳಗೇ ಉರುಹೊಡೆಯಲು ಅವಕಾಶವಿಲ್ಲದಿದ್ದರೆ ವಯಸ್ಕರಿಗೂ ನಾಲ್ಕರಷ್ಟೇ ಎಂದರು. ನಾನು ಉಸಿರು ಬಿಡದೆ ಹೇಳುತ್ತಿದ್ದ ಸೂಚನೆಗಳು ಏಳು!

ಈಗ ನನ್ನ ಪ್ರಯೋಗದ ಹಂತಗಳು ಬೋರ್ಡಿನ ಮೇಲೆ ಸಂಖ್ಯೆಯೊಂದಿಗೆ ಇರುತ್ತವೆ. ಆಮ್ಲ ಮುಟ್ಟುವ ಮೊದಲು ಪಕ್ಕದವನಿಗೆ ‘ನಾನು ಮೊದಲು ಇದು, ಆಮೇಲೆ ಇದು ಮಾಡುತ್ತೇನೆ’ ಎಂದು ಹೇಳಬೇಕು. ದಾಖಲೆ ಪುಸ್ತಕವನ್ನು ತಿಂಗಳ ಕೊನೆಗೆ ಇಡಿಯಾಗಿ ಕೇಳುವುದನ್ನು ಬಿಟ್ಟಿದ್ದೇನೆ. ಇಂದು ಚಿತ್ರ, ನಾಳೆ ವಿಧಾನ, ಮರುದಿನ ಫಲಿತಾಂಶ. ಮನೆಗೆಲಸದ ಪಕ್ಕದಲ್ಲಿ ಎಷ್ಟು ನಿಮಿಷ ಹಿಡಿಯಬಹುದೆಂದು ಮೊದಲೇ ಬರೆದು, ಮುಗಿದ ಮೇಲೆ ಹಿಡಿದ ಸಮಯವನ್ನೂ ಬರೆಯಬೇಕು. ಮೊದಲ ವಾರ ಈ ಎರಡು ಅಂಕಿಗಳನ್ನು ನೋಡಿ ಮಕ್ಕಳೇ ನಗುತ್ತಾರೆ. ನಗಬೇಕಾದ್ದೇನೂ ಇಲ್ಲ. 1994ರಲ್ಲಿ ಪ್ರಕಟವಾದ, ಕೆನಡಾದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಅಧ್ಯಯನವೊಂದರಲ್ಲಿ, ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದವರಿಗೆ ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಹೆಚ್ಚು.

ಇದೆಲ್ಲ ಮಕ್ಕಳನ್ನು ಮೆತ್ತಗೆ ಮಾಡುವ ಉಪಾಯ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆಸರೆ ಕೊನೆಯವರೆಗೂ ಉಳಿದರೆ ಅವರ ಮಾತು ಸರಿ. ಆರ್‌ಸಿಸಿ ಛಾವಣಿಗೆ ಕೊಟ್ಟ ಸೆಂಟ್ರಿಂಗನ್ನು ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಕಿತ್ತರೆ ಛಾವಣಿ ಕುಸಿಯುತ್ತದೆ, ಕೀಳದೇ ಬಿಟ್ಟರೆ ಮನೆಯೊಳಗೆ ಓಡಾಡಲು ಜಾಗವಿರುವುದಿಲ್ಲ. ಜೂನ್‌ನಿಂದ ದಸರಾ ರಜೆಯವರೆಗೆ ಹಂತಗಳನ್ನು ನಾನು ಬರೆಯುತ್ತೇನೆ. ರಜೆ ಮುಗಿದ ಮೇಲೆ ಮಕ್ಕಳು ಬರೆಯುತ್ತಾರೆ. ಜನವರಿಯಲ್ಲಿ ಬೋರ್ಡಿನ ಮೇಲೆ ಪ್ರಯೋಗದ ಹೆಸರು ಮಾತ್ರ.

ಮನೆಯಲ್ಲಿ ಆಗುತ್ತಿರುವುದು ಇದರ ತದ್ವಿರುದ್ಧ. ಮನೆಗೆಲಸ ಅಮ್ಮನ ಮೊಬೈಲಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಹುಡುಗ ಬರೆದುಕೊಳ್ಳುವುದೇ ಬೇಡ. ಬ್ಯಾಗು ಜೋಡಿಸುವವರು ಅಮ್ಮ, ಜ್ಯಾಮಿಟ್ರಿ ಬಾಕ್ಸ್ ಮರೆತರೆ ಶಾಲೆಗೆ ತಂದುಕೊಡುವವರು ಅಪ್ಪ. ಪೋಷಕರೇ, ಬ್ಯಾಗು ಅವನೇ ಜೋಡಿಸಲಿ, ನೀವು ಪಕ್ಕದಲ್ಲಿ ಕುಳಿತು ‘ನಾಳೆ ಯಾವ ಯಾವ ಪೀರಿಯಡ್ ಇದೆ?’ ಎಂದಷ್ಟೇ ಕೇಳಿ. ಇನ್ನು ‘ಹೋಗಿ ಓದ್ಕೋ’ ಎಂಬ ಮಾತು. ಎಲ್ಲಿಂದ, ಯಾವಾಗ, ಎಷ್ಟು ಎಂಬುದು ಅದರಲ್ಲಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಬರೆದ ಲೇಖನದ ತಿರುಳು ಇದೇ: ‘ಇಂಥದ್ದು ಆದ ಕೂಡಲೇ ಇಂಥದ್ದನ್ನು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಗುರಿ ಇಟ್ಟುಕೊಂಡವರಿಗಿಂತ ಸುಲಭವಾಗಿ ಕೆಲಸ ಶುರುಮಾಡುತ್ತಾರೆ. ‘ಹಾಲು ಕುಡಿದು ಲೋಟ ತೊಳೆದಿಟ್ಟ ಕೂಡಲೇ ಮೂರನೆಯ ಲೆಕ್ಕ’ ಎಂದು ಮಗು ತಾನೇ ಹೇಳಲಿ.

ಇಷ್ಟೆಲ್ಲ ಮಾಡಿಯೂ ಮನೆ, ಶಾಲೆ ಎರಡೂ ಕಡೆ ಮಗು ತಿಂಗಳುಗಟ್ಟಲೆ ಒದ್ದಾಡುತ್ತಿದ್ದರೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ವಿಭಾಗವಿದೆ. ಅಲ್ಲಿಗೆ ಹೋಗುವುದು ನಾಚಿಕೆಯ ವಿಷಯವೇನಲ್ಲ.

ಕಳೆದ ವರ್ಷ ಮತ್ತೆ ಗ್ಯಾರೇಜಿಗೆ ಹೋಗಿದ್ದಾಗ, ಬಾಕಿ ಉಳಿದ ಎರಡು ವಿಷಯಗಳನ್ನು ಈಗಲೂ ಬರೆಯಬಹುದಪ್ಪ ಎಂದೆ. ಅವನು ಕೈಗೆ ಹತ್ತಿದ ಗ್ರೀಸ್ ಒರೆಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅರ್ಜಿ ಹಾಕೋಕೆ ಕೊನೇ ದಿನ ಯಾವತ್ತು ಸಾರ್?’ ಎಂದು ಕೇಳಿ, ನಾನು ಹೇಳಿದ ದಿನಾಂಕವನ್ನು ಹಲಗೆಯಲ್ಲಿ ಎಲ್ಲ ಗಾಡಿಗಳ ನಂಬರಿಗಿಂತ ಮೇಲೆ ಬರೆದ.